ಉರುಳಿತೋ, ಉರುಳಿಸಿದರೋ

29 ವರ್ಷದ ಸರ್ವಿಸಿನಲ್ಲಿ 14 ವರ್ಷ ನಾನು ಸ್ಟೇಷನ್ ರೈಟರ್. ಬೆಳಗಾವಿಯಲ್ಲಿ ರೈಟರ್ ಅಂದರೆ ಮೂರು ಭಾಷೆಯಲ್ಲಿ ಕೇಳಿ ಒಂದೇ ಭಾಷೆಯಲ್ಲಿ ಬರೆಯುವ ಪ್ರಾಣಿ. ಒಬ್ಬರು ಮರಾಠಿಯಲ್ಲಿ ಅಳುತ್ತಾ ಬರುತ್ತಾರೆ, ಇನ್ನೊಬ್ಬರು ಉರ್ದುವಿನಲ್ಲಿ ಸಿಟ್ಟಾಗಿ ಬರುತ್ತಾರೆ. ಕಾಗದಕ್ಕೆ ಇಳಿದ ಮೇಲೆ ಎಲ್ಲರೂ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತಲೇ ಶುರು ಮಾಡುತ್ತಾರೆ. ಆ ಮಾತು ಅವರದ್ದಲ್ಲ, ನಂದು. ಕೊನೆಗೆ ಬರುವ "ಓದಿ ಹೇಳಲಾಗಿ ಕೇಳಿದೆನು, ಸರಿ ಇರುತ್ತದೆ" ಅನ್ನೋದೂ ನಂದೇ.

ಆ ಸಾಲು ಸಾವಿರಾರು ಸಲ ಬರೆದಿದ್ದೇನೆ. ನಿಜವಾಗಿ ಓದಿ ಹೇಳಿದ್ದು ಎಷ್ಟು ಸಲ ಅಂತ ಮಾತ್ರ ಕೇಳಬೇಡಿ.

2022ರ ಗಣಪತಿ. ಕೋವಿಡ್ ಕಳೆದ ಮೇಲೆ ಬಂದ ಮೊದಲ ದೊಡ್ಡ ವಿಸರ್ಜನೆ. ತಿಲಕರು 1905ರಲ್ಲಿ ಶುರು ಮಾಡಿಸಿದ ಸಾರ್ವಜನಿಕ ಗಣೇಶೋತ್ಸವ ಇಲ್ಲಿಯದು. ಮೆರವಣಿಗೆ ಸಂಜೆ ಹೊರಟರೆ ಮರುದಿನ ಮಧ್ಯಾಹ್ನವಾದರೂ ಕಪಿಲೇಶ್ವರ ಹೊಂಡದ ಹತ್ತಿರ ಸಾಲು ಕರಗಿರುವುದಿಲ್ಲ. ಅವತ್ತು ರೈಟರ್, ಸೆಂಟ್ರಿ, ಸಮನ್ಸ್ ಹುಡುಗ ಯಾರಿಗೂ ವಿನಾಯಿತಿ ಇಲ್ಲ, ಎಲ್ಲರಿಗೂ ಬಂದೋಬಸ್ತ್. ಎರಡು ಗಂಟೆ ತಡವಾಗಿ ಬಂದ ಪಲಾವ್ ಪ್ಯಾಕೆಟ್ ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನ ತಿನ್ನದೆ ನಾವೆಲ್ಲ ಚಾಚಾನ ಗಾಡಿಯ ಚಹಾದ ಮೇಲೇ ನಿಂತಿದ್ದೆವು.

ಮೆರವಣಿಗೆ ದಾರಿಯ ಒಂದು ಮೂಲೆಯಲ್ಲಿ ಚಾಚಾ ಎಷ್ಟೋ ವರ್ಷದಿಂದ ಗಾಡಿ ಹಚ್ಚುತ್ತಿದ್ದ. ಮಂಡಳದ ಹುಡುಗರು, ಢೋಲ್ ತಾಶಾದವರು, ಪೊಲೀಸರು, ಎಲ್ಲರಿಗೂ ರಾತ್ರಿಯಿಡೀ ಅವನದೇ ಚಹಾ. ನಮ್ಮ ಹತ್ತಿರ ದುಡ್ಡು ತಗೊಳ್ಳುತ್ತಿರಲಿಲ್ಲ. ನಾವೂ ಒತ್ತಾಯ ಮಾಡಿದವರಲ್ಲ ಬಿಡಿ.

ಮುಂಜಾನೆ ಮೂರರ ಸುಮಾರು ಒಂದು ಎತ್ತರದ ಗಣಪತಿ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದೆ ಹತ್ತಾರು ಮಂಡಳಗಳ ಸಾಲು. ಆಗ ಮೈಕ್‌ನಲ್ಲಿ ಸಾಹೇಬರ ದನಿ: "ಆ ಮೂಲಿ ಗಾಡಿ ಎಲ್ಲಾ ಐದು ಮಿನಿಟ್‌ನಾಗ ಎತ್ತಸ್ರಿ. ಹೆಂಗ್ ಅಂತ ನನಗ ಕೇಳಬ್ಯಾಡ್ರಿ."

ಹೆಸರು ಹೇಳಲಿಲ್ಲ, ಹೇಳುವುದು ಬೇಕಾಗಿಯೂ ಇರಲಿಲ್ಲ. ಆ ದನಿ ಎಲ್ಲರಿಗೂ ಗೊತ್ತು.

ನಮ್ಮ ಕಾನ್‌ಸ್ಟೇಬಲ್ ಹುಡುಗ ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಡ್ಯೂಟಿ ಹತ್ತಿದವನು. ಚಾಚಾ ಎರಡು ಮಿನಿಟ್ ಕೇಳಿದ. ಸ್ಟೌ ಮೇಲೆ ಹಾಲು ಕುದಿಯುತ್ತಿತ್ತು, ಗಾಲಿಗೆ ಇಟ್ಟಿಗೆ ಕೊಟ್ಟಿದ್ದ, ಮಗ ಬಗ್ಗಿ ಅದನ್ನೇ ತೆಗೆಯುತ್ತಿದ್ದ. ಹುಡುಗ ಕಾಯಲಿಲ್ಲ. ಗಾಡಿಗೆ ಭುಜ ಕೊಟ್ಟು ದೂಡಿದ. ಹಾಲಿನ ಪಾತ್ರೆ ಮಗನ ಎಡಗಾಲ ಮೇಲೆ ಬಿತ್ತು. ಢೋಲಿನ ಸದ್ದಿನಲ್ಲಿ ಅವನು ಕೂಗಿದ್ದು ಕೇಳಿಸಲೇ ಇಲ್ಲ, ಬಾಯಿ ತೆರೆದಿದ್ದು ಕಂಡಿತು ಅಷ್ಟೆ. ನಾನು ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಕೈಯಲ್ಲಿ ಅವನದೇ ಚಹಾ ಇತ್ತು.

ಮರುದಿನ ಹನ್ನೊಂದಕ್ಕೆ ಚಾಚಾ ಠಾಣೆಗೆ ಬಂದ. ನನ್ನ ಮುಖ ನೋಡಿ ಅವನಿಗೆ ಸ್ವಲ್ಪ ಧೈರ್ಯ ಬಂತು ಅನ್ನಿಸುತ್ತದೆ. ಅದೇ ನನಗೆ ಈಗಲೂ ಚುಚ್ಚುವುದು. "ಧಕ್ಕಾ ಮಾರ್‌ಕೆ ಗಿರಾ ದಿಯೆ ಸಾಬ್" ಅಂದ. ದೂಡಿ ಬೀಳಿಸಿದರು ಅಂತ. ನನಗೆ ಉರ್ದು ಚೆನ್ನಾಗಿ ಅರ್ಥವಾಗುತ್ತದೆ. ನಾನು ಬರೆದದ್ದು ಹೀಗೆ: "ಮೆರವಣಿಗೆಯ ಗದ್ದಲದಲ್ಲಿ ಚಹಾ ಗಾಡಿಯು ಉರುಳಿ ಬಿದ್ದು."

ಉರುಳಿಸಿದರು ಅಂತ ಬರೆದರೆ ಯಾರು ಅನ್ನೋ ಪ್ರಶ್ನೆ ಬರುತ್ತದೆ. ಬಿಸಿ ಪದಾರ್ಥದಿಂದ ಗಾಯ ಅಂದರೆ ಆಗಿನ ಐಪಿಸಿ 324. ಅದು ಸಂಜ್ಞೇಯ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೇ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ. ಅಂಥದ್ದಕ್ಕೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ, ಪ್ರತಿ ಟ್ರೇನಿಂಗಲ್ಲೂ ಅದನ್ನ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಉರುಳಿ ಬಿತ್ತು ಅಂದರೆ ಎನ್‌ಸಿ, ಅಂದರೆ ಅಸಂಜ್ಞೇಯ ಅಂತ ಒಂದು ನಮೂದು, ಒಂದು ಹಿಂಬರಹ, ಮುಗೀತು. ಹುಡುಗನಿಗೆ ಹೊಸದಾಗಿ ಮದುವೆಯಾಗಿದೆ, ಪ್ರೊಬೇಶನರಿ ಮುಗಿದಿಲ್ಲ, ಅವನನ್ನ ಉಳಿಸುತ್ತಿದ್ದೇನೆ ಅಂದುಕೊಂಡೆ. ಚಾಚಾ ಸಹಿ ಮಾಡಿದ. ಓದಿ ಹೇಳು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಆರೂವರೆ. ರೋಲ್ ಕಾಲ್ ಆಗಷ್ಟೇ ಮುಗಿದು ಎಲ್ಲರೂ ಹಾಲ್‌ನಲ್ಲೇ ಇದ್ದರು. ಚಾಚಾ ಮತ್ತೆ ಬಂದ, ಜೊತೆಗೆ ಮಗಳು. ಪಿಯುಸಿ ಓದುವ ಹುಡುಗಿ, ಬ್ಯಾಗ್ ಇನ್ನೂ ಹೆಗಲ ಮೇಲೇ ಇತ್ತು. ನನ್ನ ಟೇಬಲ್ ಮುಂದೆ ನಿಂತು, ನಾನು ಕೊಟ್ಟ ಕಾಪಿಯನ್ನ ಮೊದಲಿನಿಂದ ಓದತೊಡಗಿದಳು. ಜೋರಾಗಿ, ಶಾಲೆಯಲ್ಲಿ ಪಾಠ ಓದುವ ಹಾಗೆ. ಒಂದಕ್ಷರ ತಪ್ಪಲಿಲ್ಲ. ಅವಳಿಗೆ ಕನ್ನಡ ಬರುತ್ತದೆ ಅನ್ನೋ ಯೋಚನೆಯೇ ನನಗೆ ಬಂದಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಬರಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆ ಸಾಲಿಗೆ ಬಂದು ನಿಂತಳು.

"ಸರ್, ಇಲ್ಲಿ 'ಉರುಳಿ ಬಿದ್ದು' ಅಂತ ಐತಿ. ನಮ್ಮ ಅಬ್ಬಾ ಹಂಗ ಹೇಳಿಲ್ಲರಿ."

ನಾನು ಏನೋ ಹೇಳಲು ಹೋದೆ. ಎಲ್ಲ ಒಂದೇ ಅರ್ಥ ಅಂತಲೋ ಏನೋ.

"ಗಾಲಿಗೆ ಇಟ್ಟಂಗಿ ಇತ್ತರಿ. ತಾನ ಹೆಂಗ್ ಉರುಳ್ತದರಿ ಸರ್?"

ಹಾಲ್‌ನಲ್ಲಿ ಯಾರೂ ಕೆಮ್ಮಲಿಲ್ಲ. ಆ ಕಾನ್‌ಸ್ಟೇಬಲ್ ಹುಡುಗ ಗನ್ ರ್ಯಾಕ್ ಹತ್ತಿರ ನಿಂತು ನೆಲ ನೋಡುತ್ತಿದ್ದ. ನಾನು ಸುಮ್ನೆ ಮೇಲೆ ನೋಡಿದೆ. ನನ್ನ ತಲೆಯ ಮೇಲೇ ಕ್ಯಾಮೆರಾ. ಪ್ರತಿ ಠಾಣೆಯಲ್ಲೂ ಮಾತು ಸಹಿತ ರೆಕಾರ್ಡ್ ಆಗಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಹೇಳಿತ್ತು. ಬೆಳಿಗ್ಗೆ ನಾನು ಓದಿ ಹೇಳದೇ ಇದ್ದದ್ದು ಅದರಲ್ಲಿ ಇರಬಹುದಲ್ವಾ? ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಹುಡುಗನ ಚಿಂತೆ ಎಲ್ಲಿ ಹೋಯಿತೋ, ಆಗ ನೆನಪಾಗಿದ್ದು ನನ್ನ ಪಿಂಚಣಿ ಮಾತ್ರ.

ಇನ್‌ಸ್ಪೆಕ್ಟರ್ ಛೇಂಬರಿನಿಂದ ಹೊರಗೆ ಬಂದರು. ಕಾಪಿ ಇಸಕೊಂಡು ಓದಿದರು. "ರೈಟರ್, ಆಕೀ ಹೇಳಿದಂಗ ಮತ್ತೊಮ್ಮೆ ಬರೀರಿ. ಸಾಲ ಸಾಲ ಓದಿ ತೋರಸ್ರಿ." ಅಷ್ಟೇ. ಬೈಯಲಿಲ್ಲ. ನಾನು ಬರೆದೆ, ಹುಡುಗಿ ಪಕ್ಕದಲ್ಲಿ ನಿಂತು ಒಂದೊಂದು ಸಾಲೂ ನೋಡಿದಳು. ಎರಡು ಕಡೆ ನನ್ನ ಕಾಗುಣಿತ ತಿದ್ದಿದಳು, ಅದನ್ನೂ ಹೇಳಿಬಿಡುತ್ತೇನೆ.

ಎಫ್‌ಐಆರ್ ಆಯಿತು. ಹುಡುಗನಿಗೆ ಮೆಮೊ ಹೋಯಿತು, ಅವನನ್ನ ಠಾಣೆಯಿಂದ ತೆಗೆದು ಸಿಎಆರ್‌ಗೆ, ಅಂದರೆ ನಗರ ಸಶಸ್ತ್ರ ಮೀಸಲು ಪಡೆಗೆ, ಅಟ್ಯಾಚ್ ಮಾಡಿದರು. ವಿಚಾರಣೆಯಲ್ಲಿ ನನ್ನನ್ನ ಕೇಳಿದರು, ಗಾಡಿ ಎತ್ತಿಸಲು ಯಾರಾದರೂ ಆದೇಶ ಕೊಟ್ಟಿದ್ದರಾ ಅಂತ. ನಮ್ಮ ಇಲಾಖೆಯಲ್ಲಿ ಆದೇಶ ಬಾಯಲ್ಲಿ ಬರುತ್ತದೆ, ಮೆಮೊ ಕಾಗದದಲ್ಲಿ ಬರುತ್ತದೆ. ನಾನಾದರೂ ಆ ದನಿಯನ್ನ ಕಾಗದಕ್ಕೆ ಇಳಿಸಬಹುದಿತ್ತು. "ಗದ್ದಲ ಜಾಸ್ತಿ ಇತ್ತು ಸರ್, ಮೈಕ್ ಸರಿ ಕೇಳಿಸಲಿಲ್ಲ" ಅಂದೆ. ಅವತ್ತು ಆ ಮೂಲೆಯಲ್ಲಿದ್ದ ಒಂಬತ್ತು ಜನರಿಗೂ ಮೈಕ್ ಸರಿ ಕೇಳಿಸಿರಲಿಲ್ಲ. ಹುಡುಗನಿಗೂ ಕೂಡ. ಅವನು ಆ ಮಾತು ಹೇಳುವಾಗ ನನ್ನ ಕಡೆ ಒಮ್ಮೆ ನೋಡಿದ.

ಪೊಲೀಸರ ಮೇಲಿನ ದೂರಿಗೆ ಬೇರೆ ಪ್ರಾಧಿಕಾರ ಬೇಕು ಅಂತ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪು ಹೇಳಿತ್ತು. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿ ಅದಕ್ಕೆ ದಾರಿ ಮಾಡಿತು. ಚಾಚಾನಿಗೆ ಅದನ್ನ ಹೇಳಬಹುದಾಗಿದ್ದವನು ಠಾಣೆಯಲ್ಲಿ ನಾನೊಬ್ಬ. ಹೇಳಲಿಲ್ಲ. ಹಿರಿಯರು ಕೂಡಿ ಮಾತಾಡಿಸಿದರು, ಹೊಸ ಗಾಡಿಗೆ ನಾವೆಲ್ಲ ಪಟ್ಟಿ ಹಾಕಿದೆವು, ನಂದು ಐನೂರು. ಕೊನೆಗೆ ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚುವ ವರದಿ.

ಮುಂದಿನ ವರ್ಷ, 2023ರಲ್ಲಿ, ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಬೆಳಗಾವಿಯ ಮುಸ್ಲಿಂ ಹಿರಿಯರು ತಾವಾಗಿಯೇ ಮಿಲಾದ್ ಮೆರವಣಿಗೆಯನ್ನ ಮುಂದಕ್ಕೆ ಹಾಕಿದರು. ನಾನು ಹೋಗಿದ್ದ ಒಂದು ಶಾಂತಿ ಸಭೆಯಲ್ಲಿ ಶಾಲು, ಹಾರ, ಪೊಲೀಸರ ಮೇಲೆ ಜನ ಇಟ್ಟ ಭರವಸೆಯ ಬಗ್ಗೆ ಉದ್ದ ಭಾಷಣ. ವೇದಿಕೆಯ ಮೇಲಿನ ಒಂದು ದನಿ ನನಗೆ ಪರಿಚಿತ. ಮೈಕ್ ಈ ಸಲ ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆ ರಾತ್ರಿ ಮತ್ತೆ ಅದೇ ಮೂಲೆ. ಹೊಸ ಗಾಡಿ, ಗಾಲಿಗೆ ಎರಡು ಇಟ್ಟಿಗೆ. ಮಗ ಗ್ಲಾಸು ತೊಳೆಯುತ್ತಿದ್ದ, ಎಡಗಾಲಿಗೆ ಬೂಟು ಹಾಕಿದ್ದ. ಚಾಚಾ ಕೇಳದೇನೇ ಚಹಾ ಕೊಟ್ಟ, ಎಂದಿನ ಹಾಗೆ ಶುಂಠಿ ಜಾಸ್ತಿ. ನಾನು ಇಪ್ಪತ್ತರ ನೋಟು ಹಿಡಿದೆ, ಬೇಡ ಅನ್ನುತ್ತಾನೆ ಅಂದುಕೊಂಡೇ.

ತಗೊಂಡ. ಡಬ್ಬಿಯಲ್ಲಿ ಕೈ ಆಡಿಸಿ ಹತ್ತು ರೂಪಾಯಿ ಹುಡುಕಿ, ನನ್ನ ಅಂಗೈಯಲ್ಲಿ ಇಟ್ಟ.