‘ಈ ರೈಲು ಯಾರಿಗೋಸ್ಕರ?’ ಅಂತ ಕೇಳುವವರಿಗೆ

ನಮ್ಮ ಮನೆಗೆ ಮೊದಲ ಸಲ ಬಂದು ಮಹಡಿ ಹತ್ತಿದವರು ಕೇಳುವ ಪ್ರಶ್ನೆ ಒಂದೇ. ‘ಈ ರೈಲು ಯಾರಿಗೋಸ್ಕರ? ಮೊಮ್ಮಗನಿಗಾ?’ ಅಲ್ಲ ಅಂದರೆ, ‘ಹಾಗಾದ್ರೆ ಯಜಮಾನರದ್ದಿರಬೇಕು’ ಅನ್ನುತ್ತಾರೆ. ಮಹಡಿ ಕೋಣೆಯಲ್ಲಿ ಓಡುವ ಈ ಪುಟ್ಟ ಮಾದರಿ ರೈಲು ನನ್ನದು. ಪ್ಲೈವುಡ್ ಕೊಯ್ದವಳು, ಹಳಿ ಜೋಡಿಸಿದವಳು, ವೈರಿಗೆ ಬೆಸುಗೆ ಹಾಕಿದವಳು ನಾನೇ. ಕೆಳಗಿನ ತೋಟ ನಮ್ಮವರದ್ದು. ಸಂಜೆ ಟೀ ಕುಡಿಯಲು ಹೊರಗೆ ಹೋಗುವುದು ಇಬ್ಬರದ್ದೂ. ಇಷ್ಟು ಹೇಳಿದರೂ ಬಂದವರಿಗೆ ಸಮಾಧಾನ ಆಗುವುದಿಲ್ಲ. ‘ಅದ್ರಿಂದ ಏನು ಸಿಗುತ್ತೆ?’ ಅಂತ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮಾಡುತ್ತಿರುವುದು ಮೈಸೂರು–ಚಾಮರಾಜನಗರ ಮಾರ್ಗವನ್ನು, ಅದು ಮೀಟರ್‌ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ಆಗಿದ್ದ ಕಾಲದಲ್ಲಿ ಇದ್ದ ಹಾಗೆ. ನಾನು ಶಾಲೆಗೆ ಹೋದದ್ದು ಕವಲಂದೆಯಲ್ಲಿ. ನಮಗೆ ಗಡಿಯಾರ ಅಂದರೆ ರೈಲೇ. ದೂರದಲ್ಲಿ ಸಿಗ್ನಲ್ ಕೈ ಬಿದ್ದರೆ ಅಮ್ಮ ಅನ್ನಕ್ಕಿಡುತ್ತಿದ್ದರು. ಸ್ಟೇಷನ್ ಮಾಸ್ಟರು ಬೆತ್ತದ ಬಳೆ ಹಿಡಿದು ನಿಲ್ಲುತ್ತಿದ್ದರು. ಆ ಬಳೆಯ ಚೀಲದಲ್ಲಿ ಟೋಕನ್ ಇರುತ್ತಿತ್ತು. ಒಂಟಿ ಹಳಿಯ ಮೇಲೆ ಎದುರಿಂದ ಇನ್ನೊಂದು ರೈಲು ಬರುವುದಿಲ್ಲ ಅನ್ನುವುದಕ್ಕೆ ಡ್ರೈವರ್‌ಗೆ ಕೊಡುವ ಖಾತ್ರಿ ಅದು. ಗಾಡಿ ನಿಧಾನ ಆಗುತ್ತಿದ್ದಂತೆ ಡ್ರೈವರ್ ಕೈಯಿಂದ ಹಳೇ ಬಳೆ ಕೆಳಗೆ, ಮಾಸ್ಟರ ಕೈಯಿಂದ ಹೊಸ ಬಳೆ ಮೇಲೆ. ಅದನ್ನು ನೋಡುವುದಕ್ಕೆಂದೇ ನಾವು ಬೇಲಿ ಹತ್ತಿರ ಓಡುತ್ತಿದ್ದೆವು.

2008ರ ಹೊತ್ತಿಗೆ ಮಾರ್ಗ ಪೂರ್ತಿ ಅಗಲ ಹಳಿಯ ಬ್ರಾಡ್‌ಗೇಜ್ ಆಯಿತು. ಒಳ್ಳೆಯದೇ ಆಯಿತು. ಈಗ ಚಾಮರಾಜನಗರದಲ್ಲಿ ಹತ್ತಿದವರು ಮೈಸೂರಲ್ಲಿ ಗಾಡಿ ಬದಲಿಸದೆ ಬೆಂಗಳೂರಿನವರೆಗೂ ಹೋಗಬಹುದು. ಆದರೆ ಹಳೆಯದು ಹೇಗಿತ್ತು ಅಂತ ಯಾರಾದರೂ ಕೇಳಿದರೆ ತೋರಿಸಲು ಏನೂ ಉಳಿದಿರಲಿಲ್ಲ. ಕಿತ್ತ ಹಳಿ ಗುಜರಿಗೆ ಹೋಯಿತು. ನೋಡಿದವರಿಗೂ ವಯಸ್ಸಾಗುತ್ತಿದೆ. ನನಗೆ ಅದು ತುಂಬ ಕಾಡಿತು.

ಮಾದರಿ ರೈಲಿನಲ್ಲಿ ಎಲ್ಲವೂ ಅಳತೆಯ ಲೆಕ್ಕ. ನಾನು ಆರಿಸಿಕೊಂಡಿರುವುದು ಎಚ್‌ಒ, ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಒಂದು ಮೀಟರ್ ಅಗಲದ ಹಳಿದಾರಿ ಈ ಅಳತೆಯಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವುದು 12 ಮಿಲಿಮೀಟರಿನದು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳು ಬಹಳಷ್ಟು ಮೀಟರ್‌ಗೇಜ್. ಅವುಗಳ ಮಾದರಿ ಮಾಡುವವರು ಯುರೋಪಿನಲ್ಲಿ ಸಾಕಷ್ಟಿದ್ದಾರೆ, ಅವರ ಪುಣ್ಯದಿಂದ ನನಗೆ ಹಳಿ ಸಿಗುತ್ತದೆ. ಎಂಜಿನ್ ಹಾಗೆ ಸಿಗುವುದಿಲ್ಲ. ಮೀಟರ್‌ಗೇಜಿನ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ನಮ್ಮ ವೈಪಿ ಉಗಿ ಎಂಜಿನ್ ಬೇಕು ಅಂದರೆ ಚಕ್ರ, ಮೋಟರು ಬೇರೆ ಕಡೆಯಿಂದ ತಂದು ಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ನಾವೇ ಕಟ್ಟಬೇಕು. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡ ಚಕ್ರ, ಹಿಂದೆ ಎರಡು. ಅದನ್ನು ಮುಗಿಸಿ ಮೊದಲ ಸಲ ಓಡಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೈಸೂರಿಂದ ಚಾಮರಾಜನಗರಕ್ಕೆ ಸುಮಾರು 61 ಕಿಲೋಮೀಟರ್. ನನ್ನ ಅಳತೆಗೆ ಇಳಿಸಿದರೂ 700 ಮೀಟರ್ ಜಾಗ ಬೇಕು. ನನಗಿರುವುದು ಮಹಡಿಯ ಒಂದು ಕೋಣೆ. ಹಾಗಾಗಿ ಆರಿಸಲೇಬೇಕಾಯಿತು. ಗೋಡೆ ಸುತ್ತ ಹಲಗೆ ಹಾಕಿ ಒಂದು ಕಡೆ ಕವಲಂದೆ ಸ್ಟೇಷನ್, ಇನ್ನೊಂದು ಕಡೆ ನಂಜನಗೂಡಿನ ಹಳೇ ಸೇತುವೆ, ನಡುವೆ ಬಾಳೆ ತೋಟ ಇಟ್ಟುಕೊಂಡೆ.

ಸೇತುವೆ ಬಿಡುವ ಮಾತೇ ಇರಲಿಲ್ಲ. ಕಪಿಲೆಗೆ ಅಡ್ಡಲಾಗಿ 1735ರಲ್ಲಿ ದಳವಾಯಿ ದೇವರಾಜನ ಕಾಲದಲ್ಲಿ ಕಟ್ಟಿದ್ದು ಅದು. ರೈಲಿಗೆ ಅಂತ ಕಟ್ಟಿದ್ದಲ್ಲ. ಆಗ ಲೋಕದಲ್ಲಿ ಎಲ್ಲೂ ಉಗಿ ಎಂಜಿನ್ನಿನ ರೈಲೇ ಇರಲಿಲ್ಲ. ಒಂದೂವರೆ ಶತಮಾನ ಕಳೆದು 1890ರ ದಶಕದಲ್ಲಿ ಅದರ ಮೇಲೆ ಹಳಿ ಬಂತು. ರಸ್ತೆಯೂ ಅದರ ಮೇಲೇ, ರೈಲೂ ಅದರ ಮೇಲೇ. ಎತ್ತಿನ ಗಾಡಿ, ಬಸ್ಸು, ಜಾತ್ರೆಗೆ ಬಂದ ಜನ ಎಲ್ಲರೂ ಅಲ್ಲೇ ದಾಟಬೇಕಿತ್ತು. ನಮ್ಮ ದೇಶದ ಅತ್ಯಂತ ಹಳೆಯ ರೈಲು ಸೇತುವೆ ಅಂತ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಷ್ಟು ದೊಡ್ಡ ಹೆಸರಿರುವ ಸೇತುವೆಗೆ ಆರೈಕೆ ಇನ್ನೂ ಜಾಸ್ತಿ ಸಿಗಬೇಕು ಅನ್ನುವುದು ನನ್ನ ಮಾತು.

ಇನ್ನು ಟೀ ವಿಷಯ. ‘ಮೈಸೂರಲ್ಲಿದ್ದು ಟೀ ಯಾಕ್ರೀ’ ಅನ್ನುವವರಿದ್ದಾರೆ. ಬೆಳಿಗ್ಗೆ ಮನೆಯಲ್ಲಿ ಕಾಫಿಯೇ. ನಮ್ಮವರು ಧಾರವಾಡದ ಕಡೆಯವರು. ಸಂಜೆಗೆ ಚಹಾ ಬೇಕೇ ಬೇಕು, ಅದೂ ಅಂಗಡಿ ಮುಂದೆ ನಿಂತು ಕುಡಿಯಬೇಕು. ಮೊದಮೊದಲು ಅವರ ಜೊತೆ ಸುಮ್ನೆ ಹೋಗುತ್ತಿದ್ದೆ. ಈಗ ಎಲ್ಲಿಗೆ ಹೋಗಬೇಕು ಅಂತ ಹೇಳುವವಳು ನಾನು. ಹತ್ತಿರದಲ್ಲೇ ಸಾಕು ಅನ್ನಿಸಿದ ದಿನ ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಂ ಕಡೆ. 1979ರಲ್ಲಿ ಶುರುವಾದ ಜಾಗ, ಮಹಾರಾಣಿಯವರ 1899ರ ಸಲೂನ್ ಬೋಗಿ ಅಲ್ಲಿದೆ. ದೂರ ಹೋಗುವ ದಿನ ಅಶೋಕಪುರಂನಲ್ಲಿ ಪ್ಯಾಸೆಂಜರ್ ಹತ್ತುತ್ತೇವೆ. 1924ರ ರೈಲ್ವೆ ವರ್ಕ್‌ಶಾಪ್ ಇರುವ ಮೈಸೂರಿನ ಬಡಾವಣೆ ಅದು. ಕಡಕೊಳ, ತಾಂಡವಪುರ ದಾಟಿದರೆ ನಂಜನಗೂಡು. ಇಳಿದು ಒಂದು ಬೈಟು ಟೀ ಹೇಳಿ ನಿಂತರೆ ನನ್ನ ಕೆಲಸ ಶುರು.

ಕೆಲಸ ಅಂದರೆ ನೋಡುವುದು. ಮಂಗಳೂರು ಹೆಂಚಿನ ಸಾಲು ಎಷ್ಟು, ಅಂಗಡಿಯ ತಗಡು ಎಲ್ಲಿ ತುಕ್ಕು ಹಿಡಿದಿದೆ, ಹಳದಿ ಬೋರ್ಡಿನ ಮೇಲೆ ಊರಿನ ಹೆಸರು ಎಷ್ಟು ದಪ್ಪಕ್ಕಿದೆ, ಅದರ ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಎಲ್ಲಿ ಬರೆದಿದ್ದಾರೆ. ಒಮ್ಮೆ ಟೀ ಅಂಗಡಿ ಬೆಂಚಿನ ಮೇಲೆ ಹಳಿ ನೋಡಿಕೊಳ್ಳುವ ಕೆಲಸದಿಂದ ರಿಟೈರಾದ ಗ್ಯಾಂಗ್‌ಮನ್ ಒಬ್ಬರು ಸಿಕ್ಕರು. ನಾನು ಅಳತೆ ಪಟ್ಟಿ ಹಿಡಿದದ್ದು ನೋಡಿ ಏನಮ್ಮಾ ಅಂದರು. ಹೇಳಿದೆ. ಅವರ ಮುಖ ಅರಳಿತು. ಮೀಟರ್‌ಗೇಜ್ ಹಳಿಯ ಒಂದೊಂದು ತುಂಡು 12 ಮೀಟರ್, ಎರಡು ತುಂಡು ಸೇರುವ ಕಡೆ ಬೇಸಿಗೆಗೆ ಅಂತ ಸಂದು ಬಿಡಬೇಕು, ಮಧ್ಯಾಹ್ನದ ಬಿಸಿಲಿಗೆ ಹಳಿ ಹಿಗ್ಗಿ ಆ ಸಂದು ಮುಚ್ಚಿಕೊಳ್ಳುತ್ತದೆ, ಸಂದೇ ಇಲ್ಲದಿದ್ದರೆ ಹಳಿ ಪಕ್ಕಕ್ಕೆ ಬಾಗಿಬಿಡುತ್ತದೆ ಅಂತ ಕೈ ಆಡಿಸಿ ತೋರಿಸಿದರು. ನಾವು ಚಿಕ್ಕಂದಿನಲ್ಲಿ ಕೇಳುತ್ತಿದ್ದ ಟಕಟಕ, ಟಕಟಕ ಸದ್ದು ಆ ಸಂದಿನದ್ದೇ.

ಮನೆಗೆ ಬಂದು ಲೆಕ್ಕ ಹಾಕಿದೆ. 12 ಮೀಟರ್ ಅಂದರೆ ನನ್ನ ಹಳಿಯ ಮೇಲೆ ಸುಮಾರು 14 ಸೆಂಟಿಮೀಟರ್. ತೆಳು ಗರಗಸದಿಂದ ಪ್ರತಿ 14 ಸೆಂಟಿಮೀಟರಿಗೆ ಹಳಿಯ ತಲೆಯ ಮೇಲೆ ಒಂದು ಗೀರು ಹಾಕಿದೆ. ಕೆಂಗಂದು ಬೋಗಿಗಳನ್ನು ನಿಧಾನಕ್ಕೆ ಎಳೆಸಿದೆ. ಅದೇ ಸದ್ದು ಬಂತು. ಚಿಕ್ಕದಾಗಿ ಬಂತು, ಆದರೆ ಅದೇ. ತಾರಸಿ ಕೆಳಗಿನ ಕೋಣೆಯಾದ್ದರಿಂದ ಏಪ್ರಿಲ್‌ನಲ್ಲಿ ನನ್ನ ಹಳಿಯೂ ಹಿಗ್ಗುತ್ತದೆ. ತುಂಡು ಸೇರುವ ಕಡೆ ಒಂದು ಕಾಗದದಷ್ಟು ಸಂದು ನಾನೂ ಬಿಟ್ಟಿದ್ದೇನೆ.

ತೋಟ ಇಲ್ಲದಿದ್ದರೆ ಈ ರೈಲಿಗೆ ಊರೇ ಇರುತ್ತಿರಲಿಲ್ಲ. ಮರ ಮಾಡಲು ಒಣಗಿದ ತುಳಸಿ ಕದಿರಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನಾಲ್ಕೈದು ಕದಿರು ಸೇರಿಸಿ ಬುಡಕ್ಕೆ ದಾರ ಸುತ್ತಿದರೆ ಕೊಂಬೆ, ರೆಂಬೆ ಎಲ್ಲ ತಾನಾಗೇ ಇರುತ್ತದೆ. ಸ್ಪಂಜನ್ನು ಹಸಿರು ಬಣ್ಣದ ನೀರಲ್ಲಿ ನೆನೆಸಿ, ಒಣಗಿಸಿ, ಹಳೇ ಮಿಕ್ಸಿಯಲ್ಲಿ ಪುಡಿ ಮಾಡುತ್ತೇನೆ. ಕದಿರಿಗೆ ತೆಳು ಫೆವಿಕಾಲ್ ಸವರಿ ಆ ಪುಡಿ ಉದುರಿಸಿದರೆ ಹೊಂಗೆ ಮರ ರೆಡಿ. ತೆಂಗಿನ ಮರಕ್ಕೆ ತಂತಿಗೆ ದಾರ ಸುತ್ತಬೇಕು, ಗರಿ ಕಾಗದದ್ದು. ಒಂದೊಂದು ಗರಿಯನ್ನೂ ಕತ್ತರಿಯಿಂದ ಸೀಳುವಾಗ ಕಣ್ಣು ಸೋಲುತ್ತದೆ, ಮನಸ್ಸು ಮಾತ್ರ ಏಳು ಅನ್ನುವುದಿಲ್ಲ.

ನಾವು ಕುಡಿದ ಟೀ ಕೂಡ ಅಲ್ಲಿಗೇ ಹೋಗುತ್ತದೆ. ಮನೆಯಲ್ಲಿ ಟೀ ಮಾಡಿದ ದಿನ ಚರಟ ಎಸೆಯುವುದಿಲ್ಲ. ಹಾಲು, ಸಕ್ಕರೆ ಹೋಗುವ ಹಾಗೆ ನೀರು ಬದಲಿಸಿ ಬದಲಿಸಿ ತೊಳೆಯಬೇಕು, ಇಲ್ಲದಿದ್ದರೆ ಇರುವೆ ಬರುತ್ತದೆ, ಬೂಸಲು ಹಿಡಿಯುತ್ತದೆ. ಮೊರದಲ್ಲಿ ಹರಡಿ ಗರಿಗರಿ ಆಗುವವರೆಗೆ ಒಣಗಿಸಿ, ಕಾವಲಿ ಮೇಲೆ ಸ್ವಲ್ಪ ಬಿಸಿ ಮಾಡಿ, ಜರಡಿ ಹಿಡಿಯುತ್ತೇನೆ. ನಯವಾದದ್ದು ಹೊಲದ ಮಣ್ಣಾಗುತ್ತದೆ. ದಪ್ಪನೆಯದು ಹೊಂಗೆ ಮರದ ಕೆಳಗೆ ಉದುರಿದ ತರಗೆಲೆ ಆಗುತ್ತದೆ. ಮಿಕ್ಕದ್ದನ್ನು ನಮ್ಮವರು ಗುಲಾಬಿ ಬುಡಕ್ಕೆ ಹಾಕುತ್ತಾರೆ. ಹಳಿ ಪಕ್ಕದ ಜಲ್ಲಿಗೆ ಕಲ್ಲಿನ ಪುಡಿ. ಅದನ್ನು ಬ್ರಷ್‌ನಿಂದ ಹರಡಿ, ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು ಚಿಮುಕಿಸಿ, ಆಮೇಲೆ ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರ್‌ನಿಂದ ಬಿಡಬೇಕು. ಸೋಪು ಇದ್ದರೆ ಅಂಟು ಮೇಲೆ ಗುಂಡಾಗಿ ನಿಲ್ಲದೆ ಕಲ್ಲಿನ ಸಂದಿಗೆ ಇಳಿಯುತ್ತದೆ. ಬೆಳಗಾಗುವ ತನಕ ಯಾರೂ ಮುಟ್ಟಬಾರದು.

ಬಾಳೆ ತೋಟದ್ದು ಬೇರೆಯೇ ಕಥೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ನಮ್ಮ ಮೈಸೂರು ಮಲ್ಲಿಗೆ, ವೀಳ್ಯದೆಲೆಗೆ ಇರುವ ಹಾಗೆ. ಆದರೆ ಪನಾಮಾ ಸೊರಗು ರೋಗ ಆ ಬಾಳೆಯನ್ನು ತಿಂದುಹಾಕಿದೆ. ಮಣ್ಣಲ್ಲೇ ಇರುವ ಶಿಲೀಂಧ್ರ ಅದು. ಬೇರಿನಿಂದ ಹತ್ತಿ ನೀರು ಹರಿಯುವ ದಾರಿಯನ್ನೇ ಕಟ್ಟುತ್ತದೆ. ಮೊದಲು ಕೆಳಗಿನ ಎಲೆಯ ಅಂಚು ಹಳದಿ ಆಗುತ್ತದೆ, ಎಲೆ ದಂಟು ಮುರಿದು ದಿಂಡಿನ ಸುತ್ತ ಜೋತುಬೀಳುತ್ತದೆ. ಒಮ್ಮೆ ಆ ಮಣ್ಣಿಗೆ ಬಂದರೆ ವರ್ಷಗಟ್ಟಲೆ ಹೋಗುವುದಿಲ್ಲ. ಹಾಗಾಗಿ ನಮ್ಮವರು ರೋಗ ಬಂದ ತೋಟದ ಬಾಳೆ ಕಂದು (ಮರಿಗಿಡ) ಮುಟ್ಟುವುದಿಲ್ಲ. ಅಂಗಾಂಶ ಕೃಷಿಯ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಸಸಿ ತಂದು, ಹಿತ್ತಲಲ್ಲಿ ಹೊಸ ಮಣ್ಣು ತುಂಬಿಸಿ ನೆಟ್ಟಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಕೆಳಗಿನ ಎಲೆ ನೋಡುತ್ತಾರೆ. ಹಸಿರಾಗಿದ್ದರೆ ಕಾಫಿಗೆ ಬರುವಾಗಲೇ ಮುಖದಲ್ಲಿ ಗೊತ್ತಾಗುತ್ತದೆ.

ನಾನು ಅದೇ ಗಿಡದ ಮುಂದೆ ಕೂತು ಕಾಗದದ ಬಾಳೆ ಮಾಡಿದೆ. ಎಲೆಯ ಉದ್ದ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹೊಸ ಎಲೆ ಸುರುಳಿಯಾಗಿ ನೆಟ್ಟಗೆ ನಿಂತಿರುತ್ತದೆ, ಅದರ ಪಕ್ಕದ್ದು ಅರ್ಧ ಬಿಚ್ಚಿಕೊಂಡಿರುತ್ತದೆ, ಹಳೆಯದು ಗಾಳಿಗೆ ಸೀಳಿ ಬಾಚಣಿಗೆ ಆಗಿರುತ್ತದೆ. ಚಿಕ್ಕಂದಿನಿಂದ ಬಾಳೆ ಎಲೆಯಲ್ಲೇ ಉಂಡಿದ್ದೇನೆ, ಆದರೆ ನಡುದಿಂಡು ಬುಡದಲ್ಲಿ ದೋಣಿಯಾಗಿದ್ದು ತುದಿಗೆ ಬರುವಾಗ ಚಪ್ಪಟೆ ಆಗುವುದನ್ನು ಅಂದು ಕಂಡೆ. ಮಾಡಬೇಕು ಅಂತ ಕೂತಾಗಲೇ ಕಾಣುವುದು. ‘ಏನು ಸಿಗುತ್ತೆ’ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇದೇ. ನಾನು ಹುಟ್ಟಿ ಬೆಳೆದ ಸೀಮೆಯನ್ನು ಈಗ ಮೊದಲಿಗಿಂತ ಚೆನ್ನಾಗಿ ನೋಡುತ್ತೇನೆ. ನಮ್ಮವರೂ ಅಷ್ಟೇ. ನಂಜನಗೂಡಿನಲ್ಲಿ ಟೀ ಕುಡಿಯುತ್ತಾ ನಾನು ಹೆಂಚು ಎಣಿಸುವಾಗ ಅವರು ಬೇಲಿಯಾಚೆ ಬಾಳೆಯ ಕೆಳಗಿನ ಎಲೆ ನೋಡುತ್ತಿರುತ್ತಾರೆ. ನಮ್ಮಿಬ್ಬರ ಮಾತಿಗೆ ವಿಷಯ ಕಡಿಮೆ ಆಗಿಯೇ ಇಲ್ಲ.

ಇದು ಗಂಡಸರ ಹವ್ಯಾಸ ಅನ್ನುವವರಿಗೆ ಹೇಳುವುದು ಇಷ್ಟೇ. ಸೂಜಿಗೆ ದಾರ ಪೋಣಿಸಿದ ಕೈ, ರಂಗೋಲಿಯ ಎಳೆ ಎಳೆದ ಕೈ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನನ್ನ ಸ್ಟೇಷನ್ ಮಾಸ್ಟರ ಎತ್ತರ 19 ಮಿಲಿಮೀಟರ್. ಅವರ ಕೈಯಲ್ಲಿರುವ ಟೋಕನ್ ಬಳೆಯನ್ನು ವೈರಿನ ಒಂದೇ ಒಂದು ತಾಮ್ರದ ಎಳೆ ಬಾಗಿಸಿ ಮಾಡಿದೆ. ಪ್ಲಾಟ್‌ಫಾರಂ ಬೆಂಚಿನ ಮೇಲಿನ ಟೀ ಗ್ಲಾಸು ಒಂದು ಮಿಲಿಮೀಟರ್, ಮೀನಿನ ಗಾಳದ ದಾರದ ತುಂಡು ಅದು. ತುದಿಗೆ ಕಂದು ಬಣ್ಣ ಮುಟ್ಟಿಸಿದ್ದೇನೆ.

ಖರ್ಚಿನ ಬಗ್ಗೆಯೂ ಕೇಳುತ್ತಾರೆ. ಹಳಿ, ಮೋಟರು ಹೊರದೇಶದ್ದು, ದುಬಾರಿ. ಮಿಕ್ಕದ್ದು ಬಹುಪಾಲು ಹಿತ್ತಲು, ಅಡುಗೆಮನೆ, ಹಾರ್ಡ್‌ವೇರ್ ಅಂಗಡಿಯದು. ಹಬ್ಬಕ್ಕೆ ಸೀರೆ ಬೇಡ, ಎರಡು ಗಜ ಹಳಿ ತರಿಸಿ ಅಂದಿದ್ದೇನೆ, ತರಿಸಿಕೊಟ್ಟಿದ್ದಾರೆ.

ಮೊಮ್ಮಗ ರಜೆಗೆ ಬಂದಾಗ ಓಡಿಸುತ್ತಾನೆ. ಚೆನ್ನಾಗಿಯೇ ಓಡಿಸುತ್ತಾನೆ, ಸಿಗ್ನಲ್ ನೋಡದೆ ಎಂಜಿನ್ ಬಿಡುವುದಿಲ್ಲ. ಆದರೆ ಅವನಿಗೋಸ್ಕರ ಮಾಡಿದ್ದಲ್ಲ. ನನಗೋಸ್ಕರ ಮಾಡಿದ್ದು. ಇದನ್ನು ಹೇಳಲು ನಮ್ಮ ಕಡೆಯ ಹೆಂಗಸರು ಹಿಂಜರಿಯುತ್ತಾರೆ, ಅಲ್ವಾ? ನಾನು ಹಿಂಜರಿಯುವುದಿಲ್ಲ.

ಆಸೆ ಇದ್ದವರು ಒಮ್ಮೆ ಪುಣೆಯ ಕೋಥರೂಡ್‌ನಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ನೋಡಿ ಬನ್ನಿ, 1998ರಿಂದ ಇದೆ. ಒಂದು ಇಡೀ ಊರೇ ಅಲ್ಲಿ ನಡೆಯುತ್ತದೆ. ಅಷ್ಟು ದೂರ ಆಗದಿದ್ದರೆ ಎರಡು ಅಡಿ ಹಲಗೆಯಿಂದ ಶುರು ಮಾಡಿ. ರೈಲು ಆಮೇಲೆ ಬರಲಿ. ಮೊದಲು ನಿಮ್ಮೂರಿನ ಸ್ಟೇಷನ್ನಿಗೆ ಹೋಗಿ, ಎದುರಿಗೆ ಒಂದು ಟೀ ತೊಗೊಳ್ಳಿ. ಅಳತೆ ಪಟ್ಟಿ ಚೀಲದಲ್ಲಿರಲಿ.