ತೋಟದ ಶೆಡ್ಡಿನಲ್ಲಿ ಬಿಯರ್: ಕುದಿಸುವುದಕ್ಕಿಂತ ತಂಪಿನದೇ ಚಿಂತೆ

ತೋಟದ ಶೆಡ್ಡನ್ನು ಬಿಯರ್ ತಯಾರಿಕೆಗೆ ಅಣಿಗೊಳಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಹೊಳೆಯುವ ಸ್ಟೀಲ್ ಕಡಾಯಿಯ ಮೇಲೆ. ನಾನು ಆ ಆಸೆಯನ್ನು ಬದಿಗಿಟ್ಟು ಗೋಡೆಗಳಿಂದ ಕೆಲಸ ಆರಂಭಿಸಿದೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿ, ಸಿಹಿರಸ ಬಸಿದು, ಕಹಿ ಕೊಡುವ ಹಾಪ್ಸ್ ಹೂಗಳನ್ನು ಹಾಕಿ ಕುದಿಸುವುದು ಒಂದು ದಿನದೊಳಗೆ ಮುಗಿಯುವ ಕೆಲಸ. ಆ ಬಳಿಕ ಒಂದೆರಡು ವಾರ ರಸವನ್ನು ಹುದುಗಿಸುತ್ತ ದುಡಿಯುವುದು ಯೀಸ್ಟ್. ಬಿಯರಿನ ರುಚಿ ಕುದುರುವುದೂ ಕೆಡುವುದೂ ಬಹುಮಟ್ಟಿಗೆ ಆಗಲೇ.

ತೆಳು ಹಲಗೆಯ ಶೆಡ್ಡು ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ. ಏಲ್ ಬಗೆಯ ಬಿಯರಿನ ಯೀಸ್ಟ್ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಲಾಗರ್ ಬಗೆಯ ಬಿಯರಿನ ಯೀಸ್ಟ್ 8ರಿಂದ 13 ಡಿಗ್ರಿಯಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಹುದುಗುವ ಕ್ರಿಯೆಯೇ ಶಾಖವನ್ನು ಹೊರಬಿಡುವುದರಿಂದ, ಅದು ಬಿರುಸಾಗಿರುವ ದಿನಗಳಲ್ಲಿ ಪಾತ್ರೆಯೊಳಗಿನ ದ್ರವವು ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಎಂಬುದನ್ನು ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ ಎಂದೂ ಹೇಳುವುದಿಲ್ಲ. ಮಿತಿಮೀರಿ ಬಿಸಿಯಾದರೆ ಗಂಟಲು ಸುಡುವ ಒರಟು ಆಲ್ಕೋಹಾಲ್‌ಗಳೂ ಬೇಡದ ಹಣ್ಣಿನ ವಾಸನೆಯೂ ಹುಟ್ಟುತ್ತವೆ. ತೀರಾ ತಣ್ಣಗಾದರೆ ಯೀಸ್ಟ್ ಕೆಲಸವನ್ನು ಅರ್ಧಕ್ಕೇ ಬಿಟ್ಟು ತಳ ಸೇರುತ್ತದೆ.

ಗೋಡೆ ಮತ್ತು ಚಾವಣಿಗೆ ಉಷ್ಣನಿರೋಧಕ ಫೋಮ್ ಹಲಗೆಗಳನ್ನು ಜೋಡಿಸಿದರೆ ಈ ಏರಿಳಿತ ತಗ್ಗುತ್ತದೆ, ಆದರೆ ನಿಲ್ಲುವುದಿಲ್ಲ. ಇಡೀ ಶೆಡ್ಡನ್ನು ತಂಪಾಗಿಡಲು ಹೆಣಗುವ ಬದಲು ಹುದುಗುವ ಪಾತ್ರೆಯನ್ನಷ್ಟೇ ಒಂದು ಹಳೆಯ ಫ್ರಿಜ್ಜಿನೊಳಗಿಟ್ಟು, ಅದಕ್ಕೆ ಹೊರಗಿನಿಂದ ತಾಪಮಾನ ನಿಯಂತ್ರಕವನ್ನು ಜೋಡಿಸುವುದು ಎಷ್ಟೋ ಮೇಲು. ನಿಯಂತ್ರಕದ ಸಂವೇದಕವನ್ನು ಪಾತ್ರೆಯ ಮೈಗೆ ಅಂಟಿಸಿ, ಮೇಲೆ ಸ್ಪಂಜಿನ ತುಂಡೊಂದನ್ನು ಮುಚ್ಚಿದರೆ ಅದು ಫ್ರಿಜ್ಜಿನ ಗಾಳಿಯನ್ನಲ್ಲ, ದ್ರವದ ತಾಪವನ್ನೇ ಅಳೆಯುತ್ತದೆ. ಚಳಿಗಾಲಕ್ಕೆ ಪಾತ್ರೆಗೆ ಸುತ್ತುವ ಸಣ್ಣದೊಂದು ಹೀಟಿಂಗ್ ಬೆಲ್ಟ್ ಸಾಕು. ನನ್ನ ಮಟ್ಟಿಗೆ ಈ ಶೆಡ್ಡಿನಲ್ಲಿ ಹಣಕ್ಕೆ ತಕ್ಕ ಫಲ ಕೊಟ್ಟದ್ದು ಈ ಏರ್ಪಾಡೇ.

ಆದರೆ ಶೆಡ್ಡನ್ನು ಬಿಗಿಯಾಗಿ ಮುಚ್ಚಿದಷ್ಟೂ ಕುದಿಸುವ ದಿನ ಕಷ್ಟ ಹೆಚ್ಚುತ್ತದೆ. ಒಂದು ಗಂಟೆಯ ಕುದಿತದಲ್ಲಿ ಸುಮಾರು ಮೂರು ನಾಲ್ಕು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಹೊರದಾರಿ ಇಲ್ಲದಿದ್ದರೆ ಅಷ್ಟೂ ಗೋಡೆಯ ಮೇಲೆ ಇಳಿದು ಬೂಷ್ಟು ಹಿಡಿಸುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಆವಿಯ ಜೊತೆಗೇ ಹೊರಹೋಗಬೇಕಾದ್ದರಿಂದ ಕಡಾಯಿಗೆ ಮುಚ್ಚಳ ಹಾಕಿಡುವಂತೆಯೂ ಇಲ್ಲ. ಹೀಗಾಗಿ ಕಡಾಯಿಯ ನೇರ ಮೇಲೆ ಎಕ್ಸಾಸ್ಟ್ ಫ್ಯಾನ್, ಎದುರುಗೋಡೆಯ ಕೆಳಭಾಗದಲ್ಲಿ ಗಾಳಿ ಒಳಬರುವ ಕಿಂಡಿ, ಇವೆರಡೂ ಇರಲೇಬೇಕು. ಹುದುಗುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದದ್ದರಿಂದ, ಹಲವು ಪಾತ್ರೆಗಳನ್ನು ಒಟ್ಟಿಗೆ ಇಡುವವರಿಗೆ ಆ ಕೆಳಗಿನ ಕಿಂಡಿ ಇನ್ನಷ್ಟು ಮುಖ್ಯ.

ಮುಚ್ಚಿದ ಶೆಡ್ಡಿನೊಳಗೆ ಗ್ಯಾಸ್ ಒಲೆಯನ್ನು ನಾನು ಒಪ್ಪುವುದೇ ಇಲ್ಲ. ಗಾಳಿ ಸಾಲದೆ ಒಲೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿದ್ಯುತ್ತಿನ 3 ಕಿಲೋವ್ಯಾಟ್ ಹೀಟರ್ 25 ಲೀಟರ್ ರಸವನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಮುಕ್ಕಾಲು ಗಂಟೆ, ಶಾಖ ಸೋರುವುದನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ತುಸು ಹೆಚ್ಚು, ತೆಗೆದುಕೊಳ್ಳುತ್ತದೆ. 230 ವೋಲ್ಟ್‌ನಲ್ಲಿ ಅದು ಎಳೆಯುವುದು ಸುಮಾರು 13 ಆಂಪಿಯರ್. ನೆಲವೆಲ್ಲ ಒದ್ದೆಯಾಗುವ ಜಾಗವಾದ್ದರಿಂದ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್, ಸೋರಿಕೆಯಾದ ಕ್ಷಣವೇ ವಿದ್ಯುತ್ ಕಡಿಯುವ ಆರ್‌ಸಿಡಿ, ಇವೆಲ್ಲವನ್ನೂ ನುರಿತ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಕುದಿದ ರಸವನ್ನು ತಾಮ್ರದ ಸುರುಳಿಯಿಂದ ತಣಿಸಲು ಸಾಕಷ್ಟು ನೀರು ಹರಿಯಬೇಕಾಗುತ್ತದೆ. ಸುರುಳಿಯೊಳಗೇ ಹರಿಯುವ ಆ ನೀರು ಶುದ್ಧವಾಗಿಯೇ ಇರುವುದರಿಂದ ಮೊದಲು ಬರುವ ಬಿಸಿನೀರನ್ನು ಪಾತ್ರೆ ತೊಳೆಯಲು ಹಿಡಿದಿಟ್ಟು, ಉಳಿದದ್ದನ್ನು ಗಿಡಗಳಿಗೆ ಬಿಡಬಹುದು. ಕಿಟಕಿ ಇದ್ದರೆ ದಪ್ಪ ಪರದೆ ಹಾಕಿ, ಏಕೆಂದರೆ ಬಿಸಿಲು ಹಾಪ್ಸ್‌ನ ಕಹಿ ಅಂಶಗಳನ್ನು ಒಡೆದು ಬಿಯರಿಗೆ ದುರ್ವಾಸನೆ ತರುತ್ತದೆ. ಮಾಲ್ಟ್ ಪುಡಿಮಾಡುವುದನ್ನು ಮಾತ್ರ ಶೆಡ್ಡಿನ ಹೊರಗೇ ಇಟ್ಟುಕೊಂಡಿದ್ದೇನೆ: ಅದರ ದೂಳಿನಲ್ಲಿ ಹುಳಿ ಹಿಡಿಸುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಧಾರಾಳವಾಗಿರುತ್ತದೆ, ತಣಿದ ರಸದ ಮೇಲೆ ಅದು ಕೂರಬಾರದು. ಮಾಲ್ಟ್ ಚೀಲಗಳಿಗೂ ಬಿಗಿ ಮುಚ್ಚಳದ ಡಬ್ಬಿ ಬೇಕು, ಇಲ್ಲವಾದರೆ ತೋಟದ ಇಲಿಗಳು ನಮಗಿಂತ ಮೊದಲು ರುಚಿ ನೋಡುತ್ತವೆ.