ಎಸಳಿಗೆ ಅತ್ತರ, ತೊಟ್ಟಿಗೆ ಮರೆವು

ಈ ಶ್ರಾವಣದಲ್ಲಿ ನಮ್ಮ ಕೆಮಿಸ್ಟ್ರಿ ಸರ್ ತೀರಿಕೊಂಡರು. ಸುದ್ದಿ ಬಂದಾಗ ನಾನು ಲ್ಯಾಬಿನಲ್ಲಿ ಮಲ್ಲಿಗೆ ಎಣ್ಣೆಯೊಂದನ್ನು ಪರೀಕ್ಷೆಗೆ ಹಾಕಿದ್ದೆ. ಯಂತ್ರ ಓಡುತ್ತಲೇ ಇತ್ತು. ನಾನು ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ.

ಹಳೇ ಬಾಗಲಕೋಟೆಯಲ್ಲಿ ನಮ್ಮ ಶಾಲೆ ಇದ್ದ ಜಾಗಕ್ಕೆ ಆಲಮಟ್ಟಿ ಹಿನ್ನೀರು ಬಂದಿದೆ. ಆಮೇಲೆ ಕಟ್ಟಿದ ನವನಗರದಲ್ಲಿ ಓದುವ ನೀವು ಆ ಲ್ಯಾಬು ನೋಡಿಲ್ಲ. ಎರಡು ಬರ್ನರ್, ಒಡೆದ ಸಿಂಕು, ಮತ್ತೆ ಸರ್. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನಮ್ಮ ಕಣ್ಣಿಗೆ ಕರವಸ್ತ್ರ ಕಟ್ಟಿ, ಮೂಗಿನ ಹತ್ತಿರ ಹೂವಿನ ಗಂಟು ಹಿಡಿಯುತ್ತಿದ್ದರು. ಬರೀ ಹೆಸರು ಹೇಳಿದರೆ ಒಪ್ಪುತ್ತಿರಲಿಲ್ಲ. "ಹೆಸರು ನಿಮ್ಮವ್ವನೂ ಹೇಳ್ತಾಳ. ಒಳಗ ಏನೇನ್ ಐತಿ, ಅದನ್ನ ಹೇಳ್ರಿ." ಸೇವಂತಿಗೆಯಲ್ಲಿ ಕರ್ಪೂರ ಸಿಗಬೇಕು. ಮಲ್ಲಿಗೆಯಲ್ಲಿ ಮೊದಲು ಹಣ್ಣಿನಂಥ ಸಿಹಿ, ಅದು ಬೆಂಜೈಲ್ ಅಸಿಟೇಟ್. ಅದರ ಹಿಂದೆ ಡಾಂಬರ್ ಗುಳಿಗೆಯ ನೆನಪು ತರುವ ಒಂದು ಎಳೆ, ಅದು ಇಂಡೋಲ್. ಇಂಡೋಲ್ ಒಂದನ್ನೇ ಮೂಸಿದರೆ ಮುಖ ತಿರುಗಿಸಬೇಕಾಗುತ್ತದೆ. ಚೂರೇ ಚೂರು ಬೆರೆತರೆ ಮಲ್ಲಿಗೆಗೆ ಆ ಗಾಢ ಕಂಪು ಬರುತ್ತದೆ.

ಒಂದು ಶನಿವಾರ ನಾನು ಮತ್ತು ನನ್ನ ಬೆಂಚಿನ ಗೆಳೆಯ ಸರ್ ಕಣ್ಣಿಗೇ ಬಟ್ಟೆ ಕಟ್ಟಿದೆವು. ಚೆಂಡು ಹೂ ಬಿಡಿಸಿ, ಪೇಟೆಯಿಂದ ತಂದ ಗುಲಾಬಿ ಅತ್ತರ ಸವರಿ, ಅರಿವೆಯಲ್ಲಿ ಗಂಟು ಕಟ್ಟಿದ್ದೆವು. ಸರ್ ಮೂಸಿದರು. ಸುಮ್ಮನಾದರು. ಆಮೇಲೆ ಗಂಟನ್ನು ಅಂಗೈಯಲ್ಲಿ ಗಸಗಸ ತಿಕ್ಕಿ ಮತ್ತೆ ಮೂಸಿದರು.

"ಎಸಳಿಗೆ ಅತ್ತರ ಹಚ್ಚೀರಿ. ತೊಟ್ಟಿಗೆ ಹಚ್ಚೋದ ಮರತೀರಲ್ಲೋ!"

ಚೆಂಡು ಹೂವಿನ ಹಸಿರು ಭಾಗದಲ್ಲಿ ಸಣ್ಣ ಎಣ್ಣೆ ಗ್ರಂಥಿಗಳಿರುತ್ತವೆ. ತಿಕ್ಕಿದರೆ ಒಡೆದು ಆ ಖಾರವಾದ ವಾಸನೆ ಹೊರಬರುತ್ತದೆ. ಅದನ್ನು ಮುಚ್ಚುವ ಅತ್ತರ ನಮ್ಮ ಹತ್ತಿರ ಇರಲಿಲ್ಲ.

ಸರ್ ಹೊಡೆಯಲಿಲ್ಲ. ಮುಂದಿನ ಶನಿವಾರ ಇಬ್ಬರಿಗೂ ಗುಲಾಬಿ ಎಸಳು ಕೊಟ್ಟು ಭಟ್ಟಿ ಇಳಿಸಲು ಕೂಡಿಸಿದರು. ಸಂಜೆವರೆಗೆ ಕಾಯ್ದರೂ ಎಣ್ಣೆ ಕಾಣಲಿಲ್ಲ, ಘಮಘಮಿಸುವ ನೀರಷ್ಟೇ ಸಿಕ್ಕಿತು. ಗುಲಾಬಿಗೆ ಕಂಪು ಕೊಡುವ ಫಿನೈಲ್ ಈಥೈಲ್ ಆಲ್ಕೋಹಾಲ್ ಹೂವಿನ ಬೇರೆ ಎಣ್ಣೆಗಳಿಗಿಂತ ಹೆಚ್ಚಾಗಿ ನೀರಿನಲ್ಲಿ ಕರಗುತ್ತದೆ, ಅದಕ್ಕೇ ಪನ್ನೀರಿಗೆ ಅಷ್ಟು ಪರಿಮಳ ಎಂದು ಅವತ್ತು ತಿಳಿಯಿತು. ಆ ವರ್ಷದ ಬೇರೆ ಪಾಠ ಒಂದೂ ನೆನಪಿಲ್ಲ.

ಹೂವಿನೊಳಗೆ ಏನೇನಿದೆ ಎಂದು ಹುಡುಕುವುದೇ ಈಗ ನನ್ನ ಕೆಲಸ. ಕೂದಲಿನಷ್ಟು ಸಣ್ಣ, 30 ಮೀಟರ್ ಉದ್ದದ ಕೊಳವೆಯಲ್ಲಿ ಹೂವಿನ ಆವಿ ಹೋಗುತ್ತದೆ. ಒಂದೊಂದು ಪದಾರ್ಥ ತನ್ನ ಹೊತ್ತಿಗೆ ಹೊರಬಂದು ಪರದೆಯ ಮೇಲೆ ಗೋಪುರದಂತೆ ಏಳುತ್ತದೆ. ಯಾವ ಗೋಪುರ ಎಷ್ಟು ಎತ್ತರ ಎಂದು ನೋಡಿದರೆ ಜಾಜಿ, ಸಂಪಿಗೆ, ಕೇದಿಗೆ ಬೇರೆಬೇರೆಯಾಗಿ ಗೊತ್ತಾಗುತ್ತವೆ. ಆದರೂ ಹುಡುಗರು ಸೀಸೆಯನ್ನು ಮೊದಲು ನನ್ನ ಮೂಗಿಗೇ ಹಿಡಿಯುತ್ತಾರೆ. ಕಲಬೆರಕೆ ಎಣ್ಣೆಯನ್ನು ಯಂತ್ರಕ್ಕಿಂತ ಮೊದಲು ನಾನು ಹಿಡಿದದ್ದು ಎಷ್ಟೋ ಸಲ ಇದೆ.

ನನ್ನ ತಂಗಿಯ ಮಗಳು ಪಿಯುಸಿಯಲ್ಲಿದ್ದಾಳೆ. ಬೆಂಜೈಲ್ ಅಸಿಟೇಟಿನ ರಚನೆಯನ್ನು ಒಂದು ತಪ್ಪಿಲ್ಲದೆ ಬರೆಯುತ್ತಾಳೆ. ಅದು ತನ್ನ ಜಡೆಯ ಮಲ್ಲಿಗೆಯಲ್ಲೇ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಜಾಣ ಹುಡುಗಿ. ಮೂಸಿ ನೋಡಲು ಟೈಮ್ ಎಲ್ಲಿ ಕೊಡುತ್ತಾರೆ, ಅಲ್ವಾ?

ರಾತ್ರಿ ಬಸ್ಸಿಗೆ ಹೊರಟು ಸರ್ ಮಣ್ಣಿಗೆ ಮುಟ್ಟಿದೆ. ಹಾರಗಳಲ್ಲಿ ಚೆಂಡು ಹೂವೇ ಜಾಸ್ತಿ ಇತ್ತು. ಬೆಂಚಿನ ಗೆಳೆಯನೂ ಬಂದಿದ್ದ. ಮಾತಾಡಲಿಲ್ಲ. ಉದುರಿದ ಹೂವೊಂದರ ತೊಟ್ಟು ಚಿವುಟಿ ನನ್ನ ಕೈಗೆ ಕೊಟ್ಟ.